ದರಿಯಾ ದೌಲತ್‌ನ ಗೋಡೆ ಮುಂದೆ ಅಪ್ಪ

ಹೋದ ಜನವರಿಯಲ್ಲಿ ಮಗಳ ಸ್ಕೂಲಿನಿಂದ ಶ್ರೀರಂಗಪಟ್ಟಣ, ಮೈಸೂರಿಗೆ ಒಂದು ದಿನದ ಟೂರ್ ಇತ್ತು. ಒಬ್ಬರಿಗೆ 650 ರೂಪಾಯಿ. ಐದನೇ ಕ್ಲಾಸಿನಲ್ಲಿ ಹೋಗದೆ ಉಳಿದ ಮಕ್ಕಳು ಮೂವರೇ. ಅದರಲ್ಲಿ ನನ್ನ ಮಗಳೂ ಒಬ್ಬಳು.

ಟೀಚರಿಗೆ ಫೋನ್ ಮಾಡಿ, ‘ಅವಳಿಗೆ ಜ್ವರ ಮೇಡಂ, ಈ ಸಲ ಬೇಡ’ ಅಂದೆ. ಅವಳು ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದಳು. ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಬರೆಯತೊಡಗಿದಳು. ಅವಳಿಗೆ ಜ್ವರ ಇರಲಿಲ್ಲ. ನಾನು ಸುದ್ದಿ ಕಳಿಸುವ ಪತ್ರಿಕೆಯಿಂದ ಮೂರು ತಿಂಗಳ ಬಿಲ್ ಬಂದಿರಲಿಲ್ಲ, ಅಷ್ಟೇ.

‘ಬೇಸಿಗೆ ರಜೆಗೆ ನಾನೇ ಕರ್ಕೊಂಡು ಹೋಗ್ತೀನಿ’ ಅಂದೆ. ‘ಹೂಂ’ ಅಂದಳು. ನಂಬಿದ ಹೂಂ ಅಲ್ಲ ಅದು.

ನಾನು ಸ್ಟ್ರಿಂಗರ್. ಹಾಗಂದರೆ ಏನು ಅಂತ ನಮ್ಮೂರಲ್ಲಿ ಇನ್ನೂ ಅನೇಕರಿಗೆ ಗೊತ್ತಿಲ್ಲ. ಬೈಕಿನ ಮುಂದೆ ‘ಪ್ರೆಸ್’ ಅಂತ ಸ್ಟಿಕ್ಕರ್ ಇದೆ, ಎಂಎಲ್‌ಎ ಬಂದಾಗ ಮುಂದಿನ ಸಾಲಿನಲ್ಲಿ ನಿಂತಿರುತ್ತಾನೆ, ಹಾಗಾಗಿ ಕೈ ತುಂಬ ಸಂಬಳ ಇರಬೇಕು ಅಂದುಕೊಂಡಿದ್ದಾರೆ. ನಮಗೆ ಸಂಬಳ ಇಲ್ಲ. ಅಚ್ಚಾದ ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು. ಅಚ್ಚಾಗದಿದ್ದರೆ ಪೆಟ್ರೋಲ್ ನಮ್ಮದೇ. ಈ ವಿಷಯ ನನ್ನ ಹೆಂಡತಿಗೆ ಗೊತ್ತು. ಅಪ್ಪನಿಗೆ ಮಾತ್ರ ನಾನು ಹತ್ತು ವರ್ಷದಿಂದ ಸರಿಯಾಗಿ ಹೇಳಿರಲಿಲ್ಲ. ಕಾರಣ ಮುಂದೆ ಹೇಳುತ್ತೇನೆ.

ಏಪ್ರಿಲ್ ಕೊನೆಗೆ ಬಿಲ್ ಬಂತು. ಮೇ ತಿಂಗಳ ಒಂದು ಬುಧವಾರ ಹೊರಡೋಣ ಅಂತ ತೀರ್ಮಾನವಾಯಿತು. ನಾನು, ಹೆಂಡತಿ, ಮಗಳು, ಅವ್ವ. ಅಪ್ಪ ಬರುವುದಿಲ್ಲ ಅಂತಲೇ ಲೆಕ್ಕ. ಏಣಿಯಿಂದ ಬಿದ್ದು ಮಂಡಿ ನೋವಾದ ಮೇಲೆ ಅವನು ಸಂತೆಗೂ ಹೋಗುವುದಿಲ್ಲ. ಆದರೆ ಹಿಂದಿನ ರಾತ್ರಿ ಊಟಕ್ಕೆ ಕೂತಾಗ, ‘ಪಟ್ಟಣದಾಗೆ ಆ ಗೋಡೆ ಐತಲ್ಲ, ಅಲ್ಲಿಗೆ ಹೋಗ್ತೀರಾ?’ ಅಂತ ಕೇಳಿದ.

‘ಯಾವ ಗೋಡೆ ಅಪ್ಪ?’

‘ಸುಣ್ಣ ಬಳಿದು ಮುಚ್ಚಿದ್ರಂತೆ, ಆಮೇಲೆ ತಿರುಗಾ ಚಿತ್ರ ಬಂತಂತೆ. ನಮ್ ಮೇಸ್ತ್ರಿ ಹೇಳ್ತಿದ್ದ. ಹೋಗೋದಾದ್ರೆ ನಾನೂ ಬತ್ತೀನಿ ಕಣ್ಲಾ.’

ಅಪ್ಪ ಮೂವತ್ತೈದು ವರ್ಷ ಸುಣ್ಣ ಬಳಿದವನು. ನಮ್ಮ ಕಡೆ ಹಬ್ಬ, ಮದುವೆ ಬಂದರೆ ಅವನಿಗೆ ಕರೆ ಬರುತ್ತಿತ್ತು. ಸುಣ್ಣದ ಕಲ್ಲನ್ನು ಹಿಂದಿನ ದಿನವೇ ಡ್ರಮ್ಮಿನಲ್ಲಿ ನೆನೆಹಾಕುತ್ತಿದ್ದ. ಅದು ಕೊತಕೊತ ಕುದಿಯುವುದನ್ನು ನೋಡಲು ನಾವು ಮಕ್ಕಳೆಲ್ಲ ಸುತ್ತ ನಿಲ್ಲುತ್ತಿದ್ದೆವು. ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಅಂಟು ಬೆರೆಸಿ, ಚಿಟಿಕೆ ನೀಲಿ ಹಾಕಿ ಕಲಸುತ್ತಿದ್ದ. ಒಮ್ಮೆ ಸುಣ್ಣ ಸಿಡಿದು ಎಡಗಣ್ಣಿಗೆ ಬಿತ್ತು. ಅಂದಿನಿಂದ ಆ ಕಣ್ಣು ಮಂಜು. ಏನನ್ನಾದರೂ ಗಮನವಿಟ್ಟು ನೋಡಬೇಕಾದರೆ ತಲೆಯನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಬಲಗಣ್ಣಿಂದ ನೋಡುತ್ತಾನೆ. ಆಮೇಲೆ ಡಿಸ್ಟೆಂಪರ್ ಬಂತು, ಎಮಲ್ಷನ್ ಬಂತು, ರೋಲರ್ ಹಿಡಿದ ಹುಡುಗರು ಬಂದರು. ಅಪ್ಪನನ್ನು ಕರೆಯುವುದು ಕಡಿಮೆಯಾಯಿತು.

ನಾಗಮಂಗಲದಲ್ಲಿ ಮೈಸೂರು ಬಸ್ ಹತ್ತಿದೆವು. ಅವ್ವ, ಹೆಂಡತಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್. ಅವ್ವ ಆ ಟಿಕೆಟನ್ನು ಮಡಿಸಿ ಎಲೆಅಡಿಕೆ ಚೀಲದಲ್ಲಿ ಜೋಪಾನ ಮಾಡಿದಳು. ಜಕ್ಕನಹಳ್ಳಿ ದಾಟಿ ಪಾಂಡವಪುರ ಬರುವ ಹೊತ್ತಿಗೆ ನಮ್ಮ ಕಡೆಯ ಒಣ ಹೊಲ ಹಿಂದೆ ಉಳಿದು, ನಾಲೆ, ಕಬ್ಬು, ತೆಂಗು ಶುರುವಾಯಿತು. ‘ನೀರು ಕಂಡ ಜನ’ ಅಂದಳು ಅವ್ವ. ನಾಗಮಂಗಲದವರು ಈ ಕಡೆ ಬಂದಾಗಲೆಲ್ಲ ಹೇಳುವ ಮಾತು ಅದು.

ಶ್ರೀರಂಗಪಟ್ಟಣಕ್ಕೆ ನಾನು ಎಷ್ಟು ಸಲ ಬಂದಿದ್ದೇನೋ ಲೆಕ್ಕವಿಲ್ಲ. ಕಾವೇರಿ ಗಲಾಟೆಗೆ ಹೆದ್ದಾರಿ ತಡೆದಾಗ ಬಂದಿದ್ದೇನೆ. ಟಿಪ್ಪು ಬಗ್ಗೆ ಪರ, ವಿರೋಧ ಮೆರವಣಿಗೆ ನಡೆದಾಗ ಬಂದಿದ್ದೇನೆ. ಬ್ಯಾರಿಕೇಡಿನ ಪಕ್ಕ ನಿಂತು ಇವರದು ನಾಲ್ಕು ಮಾತು, ಅವರದು ನಾಲ್ಕು ಮಾತು, ಪೊಲೀಸರದು ಎರಡು ಮಾತು ಬರೆದುಕೊಂಡು, ಬೇಕರಿಯಲ್ಲಿ ಕೂತು ಟೈಪ್ ಮಾಡಿ ಕಳಿಸಿ ವಾಪಸ್ ಬಂದಿದ್ದೇನೆ. ಟಿಪ್ಪು ಬಗ್ಗೆ ಇರುವ ಜಗಳ ನಿಮಗೆಲ್ಲ ಗೊತ್ತಿರುವುದೇ. ಈ ಬರಹ ಅದಕ್ಕಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಬಸ್ ಸ್ಟ್ಯಾಂಡಿನಿಂದ ಗಂಜಾಂ ದಾರಿಯಲ್ಲಿ ಸ್ವಲ್ಪ ದೂರ ನಡೆದರೆ ಸಿಗುವ ದರಿಯಾ ದೌಲತ್ ಒಳಗೆ ನಾನು ಒಂದು ಸಲವೂ ಕಾಲಿಟ್ಟಿರಲಿಲ್ಲ. ಅಲ್ಲಿ ಯಾರೂ ಜಗಳ ಆಡುತ್ತಿರಲಿಲ್ಲ. ಹಾಗಾಗಿ ನನಗೆ ಅಲ್ಲಿ ಸುದ್ದಿ ಇರಲಿಲ್ಲ.

ದೊಡ್ಡವರಿಗೆ ತಲಾ 25 ರೂಪಾಯಿ ಟಿಕೆಟ್, ಮಕ್ಕಳಿಗೆ ಇಲ್ಲ. ನಾಲ್ವರಿಗೆ ನೂರು ರೂಪಾಯಿ ಕೊಟ್ಟು ಒಳಗೆ ಹೋದೆವು. ಬಾಗಿಲಿನಿಂದ ಅರಮನೆವರೆಗೆ ನೇರ ದಾರಿ. ಎರಡೂ ಕಡೆ ಹುಲ್ಲು, ಹೂವಿನ ಪಾತಿ, ದೊಡ್ಡ ಮರಗಳು. ಮೇ ತಿಂಗಳ ಬಿಸಿಲಿಗೆ ಬಂದ ನಮಗೆ ಆ ನೆರಳೇ ಸಾಕಾಗಿತ್ತು. ಅವ್ವ ಚಪ್ಪಲಿ ಕೈಯಲ್ಲಿ ಹಿಡಿದು ಹುಲ್ಲಿನ ಅಂಚಿನಲ್ಲಿ ನಡೆದಳು.

ಮಗಳು ಮುಂದೆ ಓಡಿ ಹೋಗಿ ನಿಂತಳು. ‘ಅರಮನೆ ಎಲ್ಲಿ ಅಪ್ಪ?’

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ದೂರದಿಂದ ನೋಡಿದರೆ ಅದು ಅರಮನೆ ಅನ್ನಿಸುವುದಿಲ್ಲ. ಗೋಪುರ ಇಲ್ಲ, ಗುಮ್ಮಟ ಇಲ್ಲ. ಸುತ್ತಲೂ ಹಸಿರು ಪರದೆ ಇಳಿಬಿಟ್ಟ ಒಂದು ತಗ್ಗು ಕಟ್ಟಡ. ಒಳಗಿನ ಚಿತ್ರಗಳಿಗೆ ಬಿಸಿಲು, ಮಳೆ ತಾಗದಿರಲಿ ಅಂತ ಆ ಪರದೆ. ಮೈಸೂರು ಅರಮನೆಯ ಫೋಟೊ ನೋಡಿದ್ದ ಮಗಳಿಗೆ ನಿರಾಸೆ ಆಯಿತು.

‘ಇದು ಬೇಸಿಗೆಗೆ ಕಟ್ಟಿಸಿಕೊಂಡ ತೋಟದ ಮನೆ ಕಣಮ್ಮ’ ಅಂದೆ. ಹಿಂದಿನ ರಾತ್ರಿ ಫೋನಿನಲ್ಲಿ ಒಂದಷ್ಟು ಓದಿಕೊಂಡಿದ್ದೆ, ಗೈಡ್ ಥರ ಶುರು ಮಾಡಿದೆ. ಟಿಪ್ಪು ಇದನ್ನು ಕಟ್ಟಿಸಿದ್ದು 1784ರಲ್ಲಿ. ಅದೇ ವರ್ಷ ಮಂಗಳೂರು ಒಪ್ಪಂದವಾಗಿ ಇಂಗ್ಲಿಷರ ಜೊತೆ ಎರಡನೇ ಯುದ್ಧ ಮುಗಿದಿತ್ತು. ದರಿಯಾ ದೌಲತ್ ಅಂದರೆ ಸಮುದ್ರದ ಸಂಪತ್ತು. ಬಾಗ್ ಅಂದರೆ ತೋಟ. ಕೋಟೆ ಒಳಗೆ ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಅವನ ದೊಡ್ಡ ಅರಮನೆ ಇತ್ತು, ಲಾಲ್ ಮಹಲ್ ಅಂತ. ಅದು ಈಗ ನಿಂತಿಲ್ಲ. ಕೋಟೆಯ ಆಚೆ, ಹೊಳೆ ಪಕ್ಕದ ಈ ತೋಟದ ಮನೆ ಉಳಿದಿದೆ.

‘ಯಾಕೆ ಇದು ಉಳೀತು?’ ಅಂದಳು ಮಗಳು.

1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ, ಪಟ್ಟಣದ ಉಸ್ತುವಾರಿಗೆ ನಿಂತ ಇಂಗ್ಲಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದೇ ಮನೆಯಲ್ಲಿ ವಾಸವಿದ್ದ. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದನಲ್ಲ, ಅವನೇ. ಗೆದ್ದವನಿಗೂ ಇರಲು ತಂಪಾದ ಮನೆ ಬೇಕಾಗಿತ್ತು.

ಜಗುಲಿ ಹತ್ತಿ ಪರದೆಯ ಒಳಗೆ ಹೋದರೆ ಒಮ್ಮೆಲೇ ತಣ್ಣಗೆ. ತೇಗದ ಕಂಬಗಳು, ಕಮಾನುಗಳು. ಕಣ್ಣು ಆ ಮಬ್ಬು ಬೆಳಕಿಗೆ ಹೊಂದಿಕೊಂಡ ಮೇಲೆ ಗೋಡೆ ಕಾಣಿಸಿತು. ಮಗಳು ‘ಅಯ್ಯಪ್ಪಾ’ ಅಂದಳು. ನಿರಾಸೆ ಅಲ್ಲಿಗೆ ಮುಗಿಯಿತು.

ನೆಲದ ಹತ್ತಿರದಿಂದ ಸೂರಿನವರೆಗೆ ಗೋಡೆಯಲ್ಲಿ ಒಂದು ಗೇಣು ಖಾಲಿ ಇಲ್ಲ. ಪಶ್ಚಿಮದ ಗೋಡೆಯಲ್ಲಿ ಯುದ್ಧ. 1780ರ ಸೆಪ್ಟೆಂಬರ್‌ನಲ್ಲಿ ಕಂಚಿ ಹತ್ತಿರದ ಪೊಲ್ಲಿಲೂರಿನಲ್ಲಿ ಹೈದರ್, ಟಿಪ್ಪು ಸೇರಿ ಕರ್ನಲ್ ಬೈಲಿಯ ಸೈನ್ಯವನ್ನು ಸೋಲಿಸಿದ್ದರು, ಆ ಕಥೆ. ಸಾಲು ಸಾಲು ಕುದುರೆ, ಈಟಿ, ಕತ್ತಿ, ಉರುಳಿದ ತಲೆಗಳು. ನಡುವೆ ಕೆಂಪು ಕೋಟಿನ ಇಂಗ್ಲಿಷರು ಚೌಕಾಕಾರವಾಗಿ ನಿಂತಿದ್ದಾರೆ. ಚೌಕದ ಒಳಗೆ ಪಲ್ಲಕ್ಕಿಯಲ್ಲಿ ಬೈಲಿ. ಅವರ ಮದ್ದಿನ ಬಂಡಿ ಸಿಡಿದು ಬೆಂಕಿ ಎದ್ದಿದೆ. ಈ ಕಡೆ ಟಿಪ್ಪು ಮಾತ್ರ ತೋಟದಲ್ಲಿ ಅಡ್ಡಾಡುವವನಂತೆ ಕೈಯಲ್ಲಿ ಗುಲಾಬಿ ಹಿಡಿದು ಮೂಸುತ್ತಿದ್ದಾನೆ.

‘ಯುದ್ಧದಲ್ಲಿ ಹೂವ ಯಾರು ಮೂಸ್ತಾರೆ?’ ಅಂದಳು ಮಗಳು.

‘ಚಿತ್ರ ಬರೆಸಿದೋನು ಅವನೇ ಅಲ್ವಾ, ಹಂಗೇ ಬರೆಸ್ಕೋತಾನೆ’ ಅಂದಳು ನನ್ನ ಹೆಂಡತಿ.

ನಾನು ಅಭ್ಯಾಸಬಲದಿಂದ ಫೋನ್ ತೆಗೆದೆ. ಕಾವಲಿನವರು ದೂರದಿಂದಲೇ ಕೈ ಆಡಿಸಿದರು. ಫೋಟೊ ತೆಗೆಯುವ ಹಾಗಿಲ್ಲ. ಫೋನ್ ಜೇಬಿಗೆ ಹೋದ ಮೇಲೆ ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಸುದ್ದಿಗೆ ಹೋದ ಕಡೆ ನಾನು ನೋಡುವುದು ಎರಡು ನಿಮಿಷ. ಅಗಲ ಶಾಟ್ ಒಂದು, ಹತ್ತಿರದ್ದು ಒಂದು, ಮುಗೀತು. ಇಲ್ಲೂ ಎರಡು ನಿಮಿಷಕ್ಕೆ ನನ್ನ ನೋಡುವುದು ಮುಗಿಯಿತು. ಮುಂದೆ ಹೋಗೋಣ ಅಂತ ತಿರುಗಿದರೆ ಅಪ್ಪ ಜೊತೆಗಿಲ್ಲ.

ಅವನು ಗೋಡೆಯ ಆರಂಭದಲ್ಲೇ ನಿಂತಿದ್ದ. ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ಎಡಕ್ಕೆ ತಿರುಗಿಸಿ, ಬಲಗಣ್ಣಿಂದ ಒಂದು ಕುದುರೆ ಆದ ಮೇಲೆ ಇನ್ನೊಂದು ಕುದುರೆ ನೋಡುತ್ತಿದ್ದ. ಅರ್ಧ ಗಂಟೆಯಲ್ಲಿ ಹತ್ತು ಹೆಜ್ಜೆ ಮುಂದೆ ಬಂದಿರಬಹುದು. ಮಂಡಿ ನೋವಿನವನು ಕೂರಲೇ ಇಲ್ಲ.

‘ಗಾರೆ ನೋಡ್ಲಾ’ ಅಂದ ನನ್ನನ್ನು ಕಂಡು. ‘ತಿಕ್ಕಿ ತಿಕ್ಕಿ ಹೆಂಗೆ ನುಣುಪು ಮಾಡವ್ರೆ. ಇದರ ಮೇಲೆ ಸುಣ್ಣ ಬಳಿದ್ರೆ ಅಂಟಕ್ಕಿಲ್ಲ. ಚಕ್ಕೆ ಏಳ್ತದೆ. ಎರಡು ಕೈ ಬಳಿದಿರ್ಬೇಕು.’

ಆಗ ನಾನು ಓದಿದ್ದನ್ನು ಅವನಿಗೆ ಹೇಳಿದೆ. ಮೇಸ್ತ್ರಿ ಹೇಳಿದ್ದು ನಿಜವೇ. ಹಳೇ ಗೆಜೆಟಿಯರ್‌ಗಳಲ್ಲಿ ಈ ಗೋಡೆಯ ಕಥೆ ಇದೆ. 1799ರ ಮುತ್ತಿಗೆಗೆ ಮೊದಲೇ ಚಿತ್ರಗಳು ಹಾಳಾಗಿದ್ದವು. ವೆಲ್ಲೆಸ್ಲಿ ಇಲ್ಲಿದ್ದಾಗ ಸರಿ ಮಾಡಿಸಿದ. ತಮ್ಮವರು ಸೋತ ಚಿತ್ರವನ್ನೇ ಸರಿ ಮಾಡಿಸಿದ ಅನ್ನುವುದು ವಿಚಿತ್ರ, ಆದರೆ ಮಾಡಿಸಿದ. ಅವನು ಹೋದ ಮೇಲೆ ಯಾವಾಗಲೋ ಸುಣ್ಣ ಬಳಿದರು. ಚಿತ್ರ ಹೆಚ್ಚುಕಮ್ಮಿ ಪೂರ್ತಿ ಅಳಿಸಿಹೋಯಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರು ಸೀಮೆಗೆ ಬಂದಾಗ, ಇದನ್ನು ಮತ್ತೆ ಬರೆಸಿ ಅಂತ ಅಪ್ಪಣೆ ಕೊಟ್ಟ. ಹಳೇ ಚಿತ್ರ ನೆನಪಿದ್ದ ಒಬ್ಬ ಚಿತ್ರಗಾರ ಇದ್ದ. ಅವನು ನೆನಪಿನಿಂದ ಬರೆದ.

‘ಯಾರಂತೆ?’ ಅಂದ ಅಪ್ಪ.

‘ಈ ನಾಡಿನ ಒಬ್ಬ ಚಿತ್ರಗಾರ ಅಂತಷ್ಟೇ ಬರೆದಿದ್ದಾರೆ.’

‘ಕರ್ನಲ್ ಹೆಸರೈತೆ, ಲಾಟ್ ಸಾಹೇಬನ ಹೆಸರೈತೆ.’

‘ಹೂಂ.’

‘ಸುಣ್ಣ ಬಳಿದೋನ ಹೆಸರು?’

ನಾನು ನಕ್ಕೆ. ಅಪ್ಪ ನಗಲಿಲ್ಲ. ಇನ್ನೊಂದಷ್ಟು ಹೊತ್ತು ನಿಂತಿದ್ದು, ಪೂರ್ವದ ಗೋಡೆಗೆ ಹೋದ. ಅಲ್ಲಿ ಯುದ್ಧ ಇಲ್ಲ. ಬೇರೆ ಬೇರೆ ಸೀಮೆಯ ರಾಜರು, ಅವರವರ ದರ್ಬಾರು, ಸಾಲಾಗಿ. ಅವ್ವನಿಗೆ ಆ ಗೋಡೆ ಇಷ್ಟವಾಯಿತು. ಯಾರು ಯಾವ ಒಡವೆ ಹಾಕಿದ್ದಾರೆ ಅಂತ ಸೊಸೆಗೆ ತೋರಿಸುತ್ತಿದ್ದಳು.

ಒಳಗೆ ಮ್ಯೂಸಿಯಂ ಇದೆ. ನಾಣ್ಯಗಳು, ಚಿತ್ರಗಳು, ಇಂಗ್ಲಿಷ್ ಕಲಾವಿದರು ಬರೆದ ಕೋಟೆ ಮುತ್ತಿಗೆಯ ದೃಶ್ಯ. ಟಿಪ್ಪುವಿನ ಮಕ್ಕಳ ಚಿತ್ರಗಳ ಮುಂದೆ ಮಗಳು ನಿಂತಳು. ಅವಳ ವಯಸ್ಸಿನ ಮಕ್ಕಳು ಅಲ್ಲಿ ಸಿಕ್ಕಿದ್ದು ಅವರೇ. 1792ರಲ್ಲಿ ಮೂರನೇ ಯುದ್ಧ ಸೋತಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕಟ್ಟಲು ಒಪ್ಪಬೇಕಾಯಿತು. ಅದು ತೀರುವವರೆಗೆ ಇಬ್ಬರು ಎಳೆಯ ಗಂಡುಮಕ್ಕಳನ್ನು ಇಂಗ್ಲಿಷರ ಹತ್ತಿರ ಒತ್ತೆ ಇಡಬೇಕಾಯಿತು. 1794ರಲ್ಲಿ ಮಕ್ಕಳು ವಾಪಸ್ ಬಂದರು.

‘ಮಕ್ಕಳನ್ನ ಅಡ ಇಡೋದಾ?’ ಮಗಳಿಗೆ ನಂಬಿಕೆ ಬರಲಿಲ್ಲ. ಒಡವೆ ಅಡ ಇಡುವುದು ಅವಳಿಗೆ ಗೊತ್ತಿತ್ತು. ಅವಳ ಅಮ್ಮನ ಓಲೆ ಆಗ ಸೊಸೈಟಿಯಲ್ಲಿತ್ತು.

‘ಆ ತಾಯಿ ಹೆಂಗ್ ಇದ್ದಳೋ ಎರಡು ವರ್ಷ’ ಅಂದಳು ಅವ್ವ. ಅಷ್ಟು ಹೇಳಿ ಮುಂದಿನ ಪೆಟ್ಟಿಗೆ ಹತ್ತಿರ ಹೋದಳು.

ಒಂದು ಗಂಟೆ ಹೊತ್ತಿಗೆ ಹೊರಗೆ ಬಂದು ಆಟೋ ಹಿಡಿದು ಸಂಗಮಕ್ಕೆ ಹೋದೆವು. ಶ್ರೀರಂಗಪಟ್ಟಣವನ್ನು ನಡುಗಡ್ಡೆ ಮಾಡಿ ಎರಡಾಗಿ ಹರಿದ ಕಾವೇರಿ ಅಲ್ಲಿ ಮತ್ತೆ ಕೂಡುತ್ತಾಳೆ. ಮರದ ಕೆಳಗೆ ಟವೆಲ್ ಹಾಸಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಿತ್ರಾನ್ನ, ಮೊಸರನ್ನ.

ಮೊದಲ ತುತ್ತಿಗೆ ಫೋನ್ ಬಂತು. ಡೆಸ್ಕಿನವರು.

‘ನಿಮ್ಮ ತಾಲ್ಲೂಕಲ್ಲಿ ಟೊಮೆಟೊ ಲಾರಿ ಮಗುಚಿದೆಯಂತಲ್ರೀ. ಜನ ಬಾಚ್ಕೊಂಡು ಹೋಗ್ತಿದ್ದಾರಂತೆ. ಫೋಟೊ ಎಲ್ಲಿ?’

‘ಸರ್, ಇವತ್ತು ರಜೆ ಮೇಲಿದ್ದೀನಿ. ಫ್ಯಾಮಿಲಿ ಜೊತೆ ಶ್ರೀರಂಗಪಟ್ಟಣದಲ್ಲಿದ್ದೀನಿ.’

‘ರಜೆ ಕೊಟ್ಟಿದ್ದು ಯಾರು?’

ಅದಕ್ಕೆ ಉತ್ತರ ಇಲ್ಲ. ಹಾಜರಿ ಪುಸ್ತಕ ಇಲ್ಲದವನಿಗೆ ರಜೆ ಎಲ್ಲಿಂದ ಬರಬೇಕು? ಫೋನ್ ಇಟ್ಟು, ನಮ್ಮ ತಾಲ್ಲೂಕಿನ ವರದಿಗಾರರ ವಾಟ್ಸಾಪ್ ಗ್ರೂಪ್ ನೋಡಿದೆ. ಬೇರೆ ಪತ್ರಿಕೆಯ ಗೆಳೆಯ ಆಗಲೇ ನಾಲ್ಕು ಫೋಟೊ ಹಾಕಿದ್ದ. ಯಾರಿಗೂ ಪೆಟ್ಟಾಗಿರಲಿಲ್ಲ, ಅದೊಂದು ಸಮಾಧಾನ. ನಾವೆಲ್ಲ ಹೀಗೇ ಒಬ್ಬರದನ್ನೊಬ್ಬರು ಹಂಚಿಕೊಂಡು ಬದುಕುವುದು. ರೊಟ್ಟಿ ಎಡಗೈಗೆ ತೆಗೆದುಕೊಂಡು ಬಲಗೈ ಒರೆಸಿ ಐದು ಸಾಲು ಟೈಪ್ ಮಾಡಿ ಕಳಿಸಿದೆ. ಮಗಳು ನನ್ನನ್ನೇ ನೋಡುತ್ತಿದ್ದಳು. ಟೀಚರಿಗೆ ಫೋನ್ ಮಾಡಿದ ದಿನ ನೋಡಿದ ಹಾಗೆಯೇ.

‘ಇದಕ್ಕೆ ಎಷ್ಟು ಕೊಡ್ತಾರ್ಲಾ?’ ಅಂತ ಅಪ್ಪ ಕೇಳಿದ.

ಈ ಪ್ರಶ್ನೆಯನ್ನು ನಾನು ಹತ್ತು ವರ್ಷದಿಂದ ತಪ್ಪಿಸಿಕೊಂಡು ಬಂದಿದ್ದೆ. ಪಿಯುಸಿ ಆದ ಮೇಲೆ ಜರ್ನಲಿಸಂ ಡಿಪ್ಲೊಮಾ ಮಾಡ್ತೀನಿ ಅಂದಾಗ ಫೀಸು ಕಟ್ಟಲು ಅಪ್ಪ ಒಂದು ಕಲ್ಯಾಣ ಮಂಟಪದ ಕೆಲಸ ಒಪ್ಪಿಕೊಂಡ. ಅಷ್ಟು ಎತ್ತರದ ಕೆಲಸ ಅವನು ಮಾಡುತ್ತಿರಲಿಲ್ಲ. ಬಿದ್ದದ್ದು ಅಲ್ಲೇ. ಮಂಡಿ ಹೋದದ್ದು ಅಲ್ಲೇ. ‘ನನ್ ಹಂಗೆ ಕೂಲಿ ಮಾಡ್ಬೇಡ, ಕುರ್ಚಿ ಮೇಲೆ ಕೂತು ಬರಿ’ ಅಂತ ಹೇಳಿ ಮೈಸೂರು ಬಸ್ ಹತ್ತಿಸಿದ್ದ. ಅಂಥವನಿಗೆ ಏನಂತ ಹೇಳಲಿ? ಕೇಳಿದಾಗಲೆಲ್ಲ ‘ಕೊಡ್ತಾರಪ್ಪ, ಪರವಾಗಿಲ್ಲ’ ಅಂದುಬಿಡುತ್ತಿದ್ದೆ.

ಅವತ್ತು ಸುಳ್ಳು ಬಾಯಿಗೆ ಬರಲಿಲ್ಲ. ‘ಸುದ್ದಿ ಅಚ್ಚಾದ್ರೆ ಅರವತ್ತು ರೂಪಾಯಿ. ಫೋಟೊ ಹಾಕಿದ್ರೆ ಇನ್ನೊಂದು ನೂರು. ಈ ಫೋಟೊ ನಂದಲ್ಲ, ಹಂಗಾಗಿ ಅರವತ್ತೇ. ಎಲ್ಲಾ ಸೇರಿ ತಿಂಗಳಿಗೆ ನಾಲ್ಕೈದು ಸಾವಿರ ಆಗುತ್ತೆ. ಅದೂ ಮೂರು ತಿಂಗಳಿಗೊಂದು ಸಲ ಬರುತ್ತೆ. ಬಾಕಿ ಖರ್ಚೆಲ್ಲ ಇವಳ ಹೊಲಿಗೆ ಮಿಷನ್ನಿಂದ.’

ಅಪ್ಪ ಮೊಸರನ್ನ ಕಲಸುತ್ತಲೇ ಇದ್ದ. ಬೈಯುತ್ತಾನೆ ಅಂದುಕೊಂಡೆ, ಇಲ್ಲ ಅಳುತ್ತಾನೆ ಅಂದುಕೊಂಡೆ. ಎರಡೂ ಮಾಡಲಿಲ್ಲ.

‘ಅಳತೆ ಲೆಕ್ಕ’ ಅಂದ. ‘ನಂಗೂ ಅಂಗೇ ಅಲ್ವಾ. ಚದರಕ್ಕೆ ಇಷ್ಟು ಅಂತ ಮಾತಾಡೋರು. ಬಾಗಿಲು, ಕಿಟಕಿ ಕಳೆದು ಕೊಡೋರು.’

‘ನಮಗೂ ಡೆಸ್ಕಲ್ಲಿ ಕಳೀತಾರಪ್ಪ’ ಅಂದೆ. ಆಗ ಅವನು ನಕ್ಕ. ಹೆಂಡತಿಯೂ ನಕ್ಕಳು. ಹತ್ತು ವರ್ಷ ಮುಚ್ಚಿಟ್ಟಿದ್ದ ಮಾತು ಮೊಸರನ್ನದ ಜೊತೆ ಮುಗಿದುಹೋಯಿತು.

ಕೈ ತೊಳೆದು ಬಂದ ಮೇಲೆ ಅಪ್ಪ ತಾನಾಗಿಯೇ ಶುರು ಮಾಡಿದ.

‘ನಾನೂ ಒಂದು ಗೋಡೆ ಮುಚ್ಚಿದೀನಿ ಕಣ್ಲಾ.’

ನಮ್ಮ ಪಕ್ಕದೂರಿನ ಪಟೇಲರ ಮನೆ. ಹಳೇ ತೊಟ್ಟಿಮನೆ. ಪಡಸಾಲೆ ಗೋಡೆಯಲ್ಲಿ ಒಂದು ಆನೆ ಚಿತ್ರ ಇತ್ತಂತೆ, ಅಂಬಾರಿ ಹೊತ್ತದ್ದು. ಅವರ ಮಗಳ ಮದುವೆಗೆ ಮನೆಗೆಲ್ಲ ಸುಣ್ಣ ಹೊಡಿ ಅಂದರು. ಆನೆಯ ಬಣ್ಣ ಅಲ್ಲಲ್ಲಿ ಉದುರಿತ್ತು, ಬೀಗರು ಬಂದಾಗ ಗಲೀಜು ಕಾಣುತ್ತೆ, ಅದನ್ನೂ ಮುಚ್ಚಿಬಿಡು ಅಂದರು. ಅಪ್ಪನಿಗೆ ಆಗ ಇಪ್ಪತ್ತೈದು ವರ್ಷ.

‘ಒಂದು ಕೈ ಬಳಿದೆ. ಆನೆ ಕಾಣ್ತಿತ್ತು. ಇನ್ನೊಂದು ಕೈ ಬಳಿದೆ. ಮೈಯೆಲ್ಲ ಹೋಯ್ತು, ಕಣ್ಣು ಮಾತ್ರ ಕಾಣ್ತಿತ್ತು. ನನ್ನೇ ನೋಡ್ದಂಗೆ. ಮೂರನೇ ಕೈ ಕಣ್ಣಿಗಂತಲೇ ಬಳಿದೆ. ಅದಕ್ಕೆ ಕೂಲಿ ಕೊಡಲಿಲ್ಲ ಅವರು, ಎರಡು ಕೈಗೆ ಮಾತಾಡಿದ್ದು ಅಂದ್ರು.’

‘ಈಗಲೂ ಇರ್ಬಹುದಾ ಅಪ್ಪ, ಸುಣ್ಣದ ಕೆಳಗೆ?’

‘ಎಲ್ಲೈತೆ? ಆ ಮನೆ ಕೆಡವಿ ಆರ್‌ಸಿಸಿ ಕಟ್ಟಿ ಹದಿನೈದು ವರ್ಷ ಆಯ್ತು.’

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: ‘ಬೆಳಿಗ್ಗೆ ಅಲ್ಲಿ ನಿಂತಾಗ ಅದೇ ನೆನಪಾಯ್ತು. ಅವನ್ಯಾವನೋ ನೆನಪಿಂದ ಬರೆದ್ನಲ್ಲ. ನನಗೂ ಆ ಆನೆ ಪೂರಾ ನೆನಪೈತೆ. ಒಂದೊಂದು ಗೀಟೂ ನೆನಪೈತೆ. ಬರೆಯಕ್ಕೆ ಬರಾಕಿಲ್ಲ, ಅಷ್ಟೇಯ. ನೀನು ಓದಿದೋನು, ನೀನು ಬರಿ.’

ನಾನು ಚಿತ್ರ ಬರೆಯುವವನಲ್ಲ ಅಂತ ಹೇಳಲು ಹೊರಟೆ. ಆಮೇಲೆ ಅವನು ಯಾವ ಬರೆಯುವುದರ ಬಗ್ಗೆ ಹೇಳುತ್ತಿದ್ದಾನೆ ಅಂತ ಅರ್ಥವಾಯಿತು.

ವಾಪಸ್ ಬರುವ ಬಸ್ಸಿನಲ್ಲಿ ಅಪ್ಪನೂ ಮಗಳೂ ಒಂದೇ ಸೀಟಿನಲ್ಲಿ ಕೂತರು. ನಾನು ಹಿಂದಿನ ಸೀಟಿನಲ್ಲಿ ನನ್ನ ನೋಟ್‌ಬುಕ್ ತೆಗೆದೆ. ಅಪ್ಪ ಹೇಳುತ್ತಾ ಹೋದ, ನಾನು ಬರೆದುಕೊಂಡೆ. ಆನೆ ಬೂದು ಬಣ್ಣದ್ದಲ್ಲ, ನೀಲಿ ಕಲೆಸಿದ ಕಪ್ಪು. ಹಣೆಯ ಮೇಲೆ ಎರಡು ಹಸಿರು ಗಿಳಿ, ಎದುರು ಬದುರಾಗಿ. ಸೊಂಡಿಲು ಮೇಲಕ್ಕೆ ಎತ್ತಿತ್ತು, ತುದಿಯಲ್ಲಿ ತಾವರೆ ಮೊಗ್ಗು. ಮಾವುತನ ಕಿವಿಯಲ್ಲಿ ಒಂಟಿ. ಅಂಬಾರಿಯಲ್ಲಿ ಕೂತವರ ಮುಖ ಆಗಲೇ ಉದುರಿಹೋಗಿತ್ತು. ಆನೆಯ ಹಿಂಗಾಲಿನ ಹತ್ತಿರ ಒಬ್ಬ ಹುಡುಗ ಕಬ್ಬು ಹಿಡಿದು ಓಡುತ್ತಿದ್ದ, ಕಬ್ಬು ಹುಡುಗನಿಗಿಂತ ಉದ್ದ ಇತ್ತು. ಕೆಳಗೆ ಕೆಮ್ಮಣ್ಣಿನ ಪಟ್ಟಿ.

ಮಗಳು ಇಣುಕಿ ನೋಡಿದಳು. ‘ಹಿಂಗೆ ಬರೆದ್ರೆ ಹೆಂಗೆ ಗೊತ್ತಾಗುತ್ತೆ?’ ಅಂತ ನನ್ನ ಪೆನ್ ಕಿತ್ತುಕೊಂಡು, ನೋಟ್‌ಬುಕ್ಕಿನ ಹಾಳೆ ಹರಿದು ತಾನೇ ಶುರು ಮಾಡಿದಳು. ಬಸ್ ಕುಲುಕಿದಾಗಲೆಲ್ಲ ಗೆರೆ ಸೊಟ್ಟಗಾಗುತ್ತಿತ್ತು. ಅಪ್ಪ ತಲೆ ಎಡಕ್ಕೆ ತಿರುಗಿಸಿ ನೋಡಿ ತಿದ್ದುತ್ತಿದ್ದ. ‘ಬಾಲ ಅಷ್ಟು ಉದ್ದ ಇರ್ಲಿಲ್ಲ ಕಣವ್ವ. ಕಿವಿ ಇನ್ನೂ ಅಗಲ. ಕಣ್ಣು ದೊಡ್ಡದು ಮಾಡು, ಇನ್ನೂ ದೊಡ್ಡದು.’ ಜಕ್ಕನಹಳ್ಳಿ ಹತ್ತಿರ ಬರುವ ಹೊತ್ತಿಗೆ ಆನೆಗೆ ನಾಲ್ಕೂ ಕಾಲು ಬಂದಿತ್ತು. ಮನೆಗೆ ಹೋದ ಮೇಲೆ ಬಣ್ಣದ ಪೆನ್ಸಿಲ್ ಹಾಕಿ ಮುಗಿಸಿದರು. ಈಗ ಅದು ನಮ್ಮ ಪಡಸಾಲೆಯಲ್ಲಿದೆ. ಅವ್ವ ಅನ್ನದ ಅಗುಳಿನಿಂದ ಅಂಟಿಸಿದ್ದಾಳೆ. ಸೊಂಡಿಲು ಸ್ವಲ್ಪ ಪೈಪಿನ ಥರ ಇದೆ. ಕಣ್ಣು ಮಾತ್ರ ಸರಿಯಾಗಿದೆ ಅಂತ ಅಪ್ಪ ಹೇಳುತ್ತಾನೆ.

ಮಾರನೇ ದಿನ ಟೊಮೆಟೊ ಸುದ್ದಿ ಅಚ್ಚಾಗಿತ್ತು. ಐದು ಸಾಲು ಮೂರು ಸಾಲಾಗಿತ್ತು. ಫೋಟೊ ಗೆಳೆಯನ ಪತ್ರಿಕೆಯಲ್ಲಿ ದೊಡ್ಡದಾಗಿ ಬಂದಿತ್ತು, ನಮ್ಮದರಲ್ಲಿ ಇರಲಿಲ್ಲ. ಡೆಸ್ಕಿನವರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಅಪ್ಪ ಮೂರು ಸಾಲನ್ನೂ ಬೆರಳಿಟ್ಟು ಓದಿ, ‘ಎರಡು ಸಾಲಿನ ದುಡ್ಡು ಕಳೆದವ್ರೆ’ ಅಂದ.

ಶ್ರೀರಂಗಪಟ್ಟಣ ನಮ್ಮ ಜಿಲ್ಲೆಯಲ್ಲೇ ಇದೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಗೋಡೆಯ ಮುಂದೆ ಅವರು ಎಷ್ಟು ಹೊತ್ತು ನಿಲ್ಲುತ್ತಾರೋ ಅಷ್ಟು ಹೊತ್ತು ನಿಲ್ಲಲು ಬಿಡಿ.

ಇನ್ನೊಂದು ಮಾತು. ನಿಮ್ಮೂರಲ್ಲಿ ಹಳೇ ತೊಟ್ಟಿಮನೆಯೋ, ಛತ್ರವೋ, ರಾಮಮಂದಿರವೋ ಇದ್ದು, ಅದರ ಗೋಡೆಯಲ್ಲಿ ಆನೆ, ಗಿಳಿ, ದೇವರು, ಜಟ್ಟಿ ಏನೇ ಇದ್ದರೂ, ಎಷ್ಟೇ ಉದುರಿದ್ದರೂ, ಈ ಬರಹ ಓದುತ್ತಿರುವ ಇದೇ ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಮನೆಯವರನ್ನು ಕೇಳಿ, ಹಗಲು ಬೆಳಕಿನಲ್ಲಿ, ನೇರ ನಿಂತು ತೆಗೆಯಿರಿ. ಯಾರ ಮನೆ, ಯಾವ ಊರು, ಬರೆದವರು ಯಾರು ಅಂತ ಊರಿನ ಹಿರಿಯರನ್ನು ಕೇಳಿ ಬರೆದಿಡಿ. ಹಬ್ಬ, ಮದುವೆ ಬಂದೇ ಬರುತ್ತೆ. ಸುಣ್ಣ ಆಮೇಲೆ ಬಳಿಯಬಹುದು.